ಹದಿನಾಲ್ಕನೇ ಅಡಿಟಿಪ್ಪಣಿ

ಈ ವರ್ಷ ಒಕ್ಕೂಟದ ಮೇಲ್ಮನವಿ ಕೋರ್ಟಿನಿಂದ ನಮ್ಮ ಊರಿಗೆ ನಾಲ್ಕು ತೀರ್ಪು ಬಂದವು. ಹಿಂದೆಲ್ಲ ಮೂರು ವರ್ಷಕ್ಕೊಂದು ಬಂದರೆ ಹೆಚ್ಚು. ಜನಕ್ಕೆ ಸುಧಾರಿಸಿಕೊಳ್ಳಲು ಸಮಯವಾದರೂ ಸಿಗುತ್ತಿತ್ತು. ಮೊದಲನೆಯದು ಸುಬ್ಬಲಕ್ಷ್ಮಮ್ಮನ ತೆಂಗಿನ ಮರದ್ದು. ಕಾಯಿ ಬಿದ್ದು ಹೆಂಚು ಒಡೆಯುತ್ತಿದೆ ಎಂದು ಪಕ್ಕದ ಮನೆಯವರು ಹಾಕಿದ್ದ ದಾವೆ. ಮುಂದಿನ ಆದೇಶದವರೆಗೆ ಆ ಮರದ ಯಾವ ಕಾಯಿಯೂ ಬೀಳಕೂಡದು ಎಂದು ಕೋರ್ಟು ಹೇಳಿತು. ಅಂದಿನಿಂದ ಕಾಯಿಗಳು ತೊಟ್ಟು ಕಳಚಿಕೊಂಡು, ಒಂದು ಮೊಳ ಕೆಳಗಿಳಿದು, ಅಲ್ಲೇ ಗಾಳಿಯಲ್ಲಿ ನಿಲ್ಲುತ್ತವೆ. ಸುಬ್ಬಲಕ್ಷ್ಮಮ್ಮ ಏಣಿ ಹಾಕಿಸಿ ಕೈಯಲ್ಲಿ ಇಳಿಸಿಕೊಳ್ಳುತ್ತಾರೆ. ಇಳಿಸಿದ್ದು ಬಿದ್ದ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಒಂದು ಹುಂಜದ್ದು. ಬೆಳಿಗ್ಗೆ ಆರಕ್ಕೆ ಮುಂಚೆ ಅದು ಕೂಗಿದ್ದನ್ನು ಕೂಗಿದ್ದೆಂದು ಪರಿಗಣಿಸತಕ್ಕದ್ದಲ್ಲ ಎಂದು ತೀರ್ಪಾಯಿತು. ಪಾಪ, ಅದು ಕತ್ತು ಉದ್ದ ಮಾಡಿ ಕೊಕ್ಕು ತೆರೆಯುತ್ತದೆ, ಸದ್ದಿಲ್ಲ. ಆರು ಹೊಡೆದ ಕೂಡಲೇ ಅಷ್ಟು ಹೊತ್ತಿನ ಕೂಗೆಲ್ಲ ಒಟ್ಟಿಗೆ ಹೊರಬರುತ್ತದೆ, ಆ ಬೀದಿಯವರು ಹಾಸಿಗೆಯಲ್ಲೇ ಎಗರಿ ಬೀಳುತ್ತಾರೆ. ಮೂರನೆಯದು ಎಣ್ಣೆ ಗಾಣದ ಓಣಿ ನಡೆಯುವವರಿಗೆ ಮಾತ್ರ ಎಂದು. ಅಲ್ಲಿ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿವೆ, ಜನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಓಣಿ ದಾಟುತ್ತಾರೆ.

ನಾಲ್ಕನೆಯದು ನಮ್ಮ ಮನೆಯದು. ಅದನ್ನು ಓದಿದವನೂ ನಾನೇ.

ನಾನು ಈ ಊರಿನ ತೀರ್ಪು ಓದುವವನು. ಮಂಗಳವಾರದ ಬಸ್ಸಿನಲ್ಲಿ ರಾಜಧಾನಿಯಿಂದ ಲಕೋಟೆ ಬರುತ್ತದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಚೆ ಕಚೇರಿಯ ಮುಂದಿನ ಕಟ್ಟೆಯ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ ನಾನದನ್ನು ಓದಬೇಕು. ನಾನು ಓದಿದರೇ ಅದು ಜಾರಿ. ಬೇರೆ ಯಾರು ಓದಿದರೂ ಬರೀ ಕಾಗದ. ಹೀಗಾಗಿ ಊರಿನಲ್ಲಿ ನನಗೊಂದು ಮರ್ಯಾದೆಯಿದೆ. ಕ್ಷೌರದ ಅಂಗಡಿಯಲ್ಲಿ ನಾನು ಸರದಿ ಕಾಯುವುದಿಲ್ಲ. ನಮ್ಮಲ್ಲಿನ ಕಟ್ಟುಪಾಡು ಏನೆಂದರೆ, ತೀರ್ಪಿನ ಮೈ ಪೂರ್ತಿ ಓದಬೇಕು, ಆದರೆ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿರುವ ಅಡಿಟಿಪ್ಪಣಿಗಳನ್ನು ಓದಕೂಡದು. ನನಗಿಂತ ಮುಂಚೆ ಓದುತ್ತಿದ್ದ ವೆಂಕಣ್ಣಯ್ಯನವರು ಹುರುಪಿನ ಮನುಷ್ಯ, ಒಮ್ಮೆ ಅಡಿಟಿಪ್ಪಣಿಯನ್ನೂ ಬಿಡದೆ ಓದಿಬಿಟ್ಟರು. ಅದರಲ್ಲಿ ಬೇರೆ ಯಾವುದೋ ಊರಿನ ಹಳೇ ಪ್ರಕರಣದ ಉಲ್ಲೇಖವಿತ್ತು: ಏಳು ಕುರಿಗಳನ್ನು ಅಂಚೆ ಕಚೇರಿಯ ವಶಕ್ಕೆ ಒಪ್ಪಿಸತಕ್ಕದ್ದು ಎಂದು. ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯಾರವೆಂದೇ ಗೊತ್ತಿಲ್ಲದ ಏಳು ಕುರಿಗಳು ಬಂದು ಕೌಂಟರಿನ ಒಳಗೆ ನಿಂತವು. ಈಗ ಅವು ಮೂವತ್ತು ಚಿಲ್ಲರೆ ಆಗಿವೆ. ನಮ್ಮ ಪೋಸ್ಟ್‌ಮಾಸ್ಟರು ಸ್ಟಾಂಪುಗಳನ್ನು ಅಟ್ಟದ ಮೇಲಿಟ್ಟುಕೊಂಡು ನೌಕರಿ ಮಾಡುತ್ತಿದ್ದಾರೆ.

ನನ್ನ ಅಕ್ಕ ಅಂಬುಜಾಕ್ಷಿಗೆ ಈಗ ಐವತ್ತೇಳು, ನನಗೆ ನಲವತ್ತೊಂಬತ್ತು. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಸಾಕಿದವಳು ಅವಳೇ. ಹೊಲಿಗೆ ಕಲಿತು, ಊರಿನ ರವಿಕೆಗಳನ್ನೆಲ್ಲ ಹೊಲಿದು, ಓದಿಸಿ ನನ್ನನ್ನೊಂದು ನೆಲೆಗೆ ಹಚ್ಚಿದಳು. ಈ ಗಡಿಬಿಡಿಯಲ್ಲಿ ಮದುವೆಯಾಗುವುದನ್ನು ಬಿಟ್ಟಳು. ನನ್ನಿಂದಾಗಿಯೇ ಬಿಟ್ಟಳು ಎಂದು ಊರವರು ಆಡಿಕೊಳ್ಳುತ್ತಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡವನಲ್ಲ. ಎಂಟು ಗಂಟೆಗೆ ಬಿಸಿ ರೊಟ್ಟಿ, ಒಂದೂವರೆಗೆ ಊಟ, ನಾಲ್ಕಕ್ಕೆ ಕಾಫಿ. ಹೀಗೆ ಬದುಕುವವನಿಗೆ ಕಿವಿಗೆ ಹಾಕಿಕೊಳ್ಳಬೇಕಾದ ವಿಷಯಗಳು ಕಮ್ಮಿ.

ಪಕ್ಕದ ಮನೆ ಚೆಲುವರಾಜು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇಪ್ಪತ್ತಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಒಂದೇ ಹಾಡಿನ ಒಂದೇ ಸಾಲನ್ನು ನಲವತ್ತು ಸಲ ನುಡಿಸಿದರು. ಅಕ್ಕ ತಲೆ ಕೆಟ್ಟು, ಮದುಮಗಳೊಬ್ಬಳ ರವಿಕೆಗೆ ಎರಡೂ ಎಡಗೈಯ ತೋಳನ್ನೇ ಕೂರಿಸಿಬಿಟ್ಟಳು. ಆ ಹುಡುಗಿ ಧಾರೆಯ ಹೊತ್ತಿನಲ್ಲಿ ಬಲಗೈ ಎತ್ತಲಾರದೆ ಒದ್ದಾಡಿದ್ದನ್ನು ಊರೆಲ್ಲ ನೋಡಿತು. ಮರುದಿನವೇ ಅಕ್ಕ ಕೆಳಕೋರ್ಟಿಗೆ ಹೋದಳು. ವಾದ್ಯ ಬೇಡ ಎಂದು ಕೇಳಬಹುದಿತ್ತು. ಸಿಟ್ಟಿನಲ್ಲಿ ಮನುಷ್ಯನೇ ಬೇಡ ಎಂದು ಬರೆಸಿದಳು. ಪ್ರತಿವಾದಿ ವಾದಿಯಿಂದ ನೂರು ಅಡಿ ದೂರ ಇರತಕ್ಕದ್ದು ಎಂದು ಅಲ್ಲಿ ಆಯಿತು. ಅವರು ಒಕ್ಕೂಟದ ಕೋರ್ಟಿಗೆ ಮೇಲ್ಮನವಿ ಹಾಕಿದರು. ಅದು ಇತ್ಯರ್ಥವಾಗುವವರೆಗೆ ಆದೇಶಕ್ಕೆ ತಡೆ ಸಿಕ್ಕಿತು.

ರಾಜಧಾನಿಗೆ ಇರುವುದು ಒಂದೇ ಬಸ್ಸು, ಒಂಬತ್ತು ತಾಸಿನ ದಾರಿ. ಮೊದಲ ವರ್ಷ ವಾಯಿದೆಗೆ ಹೋಗುವಾಗ ಇವಳು ಮುಂದಿನ ಸೀಟು, ಅವರು ಹಿಂದಿನ ಸೀಟು. ಎರಡನೇ ವರ್ಷ ಬಸ್ಸು ತುಂಬಿದ್ದರಿಂದ ಪಕ್ಕಪಕ್ಕ ಕೂರಬೇಕಾಯಿತು. ಮೂರನೇ ವರ್ಷ ಅಕ್ಕ ಚಿತ್ರಾನ್ನವನ್ನು ಇಬ್ಬರಿಗಾಗುವಷ್ಟು ಕಟ್ಟಿದಳು. ಆಮೇಲೆ ನೋಡಿ, ಮಧ್ಯಾಹ್ನ ಊಟವಾದ ಮೇಲೆ ನಮ್ಮ ಜಗುಲಿಯಲ್ಲಿ ಚೌಕಾಬಾರ, ಹಬ್ಬಕ್ಕೆ ಅವರ ಅಂಗಿ ಇವಳ ಮೆಷಿನ್ನಿನಲ್ಲಿ, ನನ್ನ ಪಾಲಿನ ಎಣ್ಣೆಗಾಯಿ ಬದನೆಕಾಯಿ ಅವರ ತಟ್ಟೆಯಲ್ಲಿ. ರಾಜಿ ಮಾಡಿಕೊಳ್ಳಿ ಎಂದು ಇಬ್ಬರ ವಕೀಲರೂ ಗೋಗರೆದರು. ಇಬ್ಬರೂ ಜಪ್ಪಯ್ಯ ಅನ್ನಲಿಲ್ಲ. ಕೇಸು ಮುಗಿದರೆ ಜೊತೆಯಲ್ಲಿ ಬಸ್ಸು ಹತ್ತಲು ಏನು ನೆಪ? ಅವರು ಬಾಯಿ ಬಿಡಲಿ ಎಂದು ಇವಳು, ಇವಳು ಬಾಯಿ ಬಿಡಲಿ ಎಂದು ಅವರು. ಹೀಗೆ ಕೇಸನ್ನು ಸಾಕಿದ್ದೇ ಸಾಕಿದ್ದು. ಕೋರ್ಟು ಎಂದಾದರೂ ನಿಜವಾಗಿ ತೀರ್ಪು ಕೊಟ್ಟೀತು ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು.

ಒಂದು ಮಂಗಳವಾರ ಲಕೋಟೆ ಬಂತು. ಅರವತ್ತೊಂದು ಪುಟ. ಅಂಚೆ ಕಚೇರಿಯ ಬೆಂಚಿನ ಮೇಲೆ ಕುರಿಗಳ ಮಧ್ಯೆ ಕೂತು ನಾನು ಒಬ್ಬನೇ ಓದಿಕೊಂಡೆ. ಕೆಳಕೋರ್ಟಿನ ಆದೇಶವನ್ನು ಎತ್ತಿಹಿಡಿಯಲಾಗಿದೆ. ಪ್ರತಿವಾದಿ ನೂರು ಅಡಿ ದೂರ ಸರಿಯತಕ್ಕದ್ದು. ಆದರೆ ಅರವತ್ತನೇ ಪುಟದ ಬುಡದಲ್ಲಿ ಹದಿನಾಲ್ಕನೇ ಅಡಿಟಿಪ್ಪಣಿ ಇತ್ತು: ಈ ಅಂತರವು ವಾದಿಯ ನೆಮ್ಮದಿಗಾಗಿಯೇ ಇರುವುದರಿಂದ, ಪ್ರತಿವಾದಿ ತನ್ನ ಹತ್ತಿರ ಇರುವುದಕ್ಕೆ ಆಕ್ಷೇಪಣೆ ಇಲ್ಲವೆಂದು ವಾದಿಯು ಸಾರ್ವಜನಿಕವಾಗಿ ನುಡಿದ ಕ್ಷಣದಿಂದ ಆದೇಶ ಮುಗಿಯಿತೆಂದು ತಿಳಿಯತಕ್ಕದ್ದು.

ಎರಡು ಸಲ ಓದಿದೆ. ಇದನ್ನು ಕಟ್ಟೆಯ ಮೇಲೆ ಓದಿದೆನೆಂದರೆ ಅಕ್ಕ ಆ ಮಾತು ಆಡಲೇಬೇಕಾಗುತ್ತದೆ. ಊರೆದುರು ಆಡಿದ ಮೇಲೆ ಸುಮ್ಮನಿರಲಾಗುವುದಿಲ್ಲ, ಮದುವೆಯಾಗುತ್ತಾರೆ. ಮದುವೆಯಾದರೆ ಅಕ್ಕ ಪಕ್ಕದ ಮನೆಗೆ ಹೋಗುತ್ತಾಳೆ. ನನ್ನ ಎಂಟು ಗಂಟೆಯ ರೊಟ್ಟಿ? ಸುಳ್ಳು ಹೇಳಿ ಏನು ಪ್ರಯೋಜನ, ನನಗೆ ಮೊದಲು ಹೊಳೆದದ್ದು ರೊಟ್ಟಿಯೇ. ಅಡಿಟಿಪ್ಪಣಿ ಓದಕೂಡದೆಂಬ ಕಟ್ಟುಪಾಡು ಇದ್ದೇ ಇದೆಯಲ್ಲ, ಅದನ್ನು ಮುರಿಯಲು ನಾನ್ಯಾರು ಎಂದುಕೊಂಡೆ. ಕಟ್ಟುಪಾಡಿನ ಮೇಲೆ ಅಷ್ಟು ಭಕ್ತಿ ನನಗೆ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

ಗುರುವಾರ ಓದಿದೆ. ಅಕ್ಕ ಹೊಸ ಸೀರೆಯುಟ್ಟು ಮುಂದೆ ನಿಂತಿದ್ದಳು, ಚೆಲುವರಾಜು ಅವಳ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದರು. ಸರಿಯತಕ್ಕದ್ದು ಎಂಬ ಪದ ನನ್ನ ಬಾಯಿಂದ ಬಿದ್ದದ್ದೇ ತಡ, ಅವರು ನಿಂತ ಭಂಗಿಯಲ್ಲೇ ಹಿಂದಕ್ಕೆ ಜಾರತೊಡಗಿದರು. ಜನ ದಾರಿ ಬಿಟ್ಟರು. ಅಕ್ಕ ಕೊಡೆಯ ತುದಿ ಹಿಡಿದುಕೊಳ್ಳಲು ಕೈ ಚಾಚಿದಳು, ಸಿಗಲಿಲ್ಲ. ಅವರು ರೇಷನ್ ಅಂಗಡಿಯ ಮುಂದೆ ಹೋಗಿ ನಿಂತರು. ಕೆಲವರು ಚಪ್ಪಾಳೆ ಹೊಡೆದರು, ಕೇಸು ಗೆದ್ದವಳು ಅಕ್ಕನೇ ಅಲ್ಲವೇ.

ಆಮೇಲಿನ ದಿನಗಳನ್ನು ಏನು ಹೇಳಲಿ. ಚೆಲುವರಾಜು ತಮ್ಮ ಮನೆಗೇ ಹೋಗುವ ಹಾಗಿಲ್ಲ. ಅಕ್ಕ ಹೊಲಿಯಲು ಕೂರುವ ಜಗುಲಿಯಿಂದ ನೂರು ಅಡಿಗೆ ಸರಿಯಾಗಿ ಬರುವುದು ದಸ್ತಗೀರ್ ಸಾಬರ ಸೈಕಲ್ ಶಾಪು; ಅಲ್ಲೇ ಬಿಡಾರ ಹೂಡಿದರು. ನಮ್ಮ ಅಡುಗೆಮನೆ ಆ ದಿಕ್ಕಿಗೇ ಇರುವುದು ದೊಡ್ಡ ಪೇಚಾಯಿತು. ಅಕ್ಕ ಒಗ್ಗರಣೆ ಹಾಕಲು ಒಳಗೆ ಹೋದಳೆಂದರೆ ಅವರು ಶಾಪಿನ ಹಿಂಬಾಗಿಲಿನಿಂದ ಹೊರಬಿದ್ದು ಮೋರಿಯಾಚೆಗೆ ಹೋಗಬೇಕು. ಹಿಂಬಾಗಿಲನ್ನು ತೆರೆದಿಡುವುದು ದಸ್ತಗೀರ್ ಸಾಬರ ಹೊಣೆ. ಎರಡು ಸಲ ಮರೆತರು, ಬಾಗಿಲಿನ ಚಿಲಕ ಕಿತ್ತುಬಂತು. ಅಕ್ಕ ಸಂತೆಗೆ ಹೊರಟರೆ ಅವರು ಸಂತೆಯ ನಡುವೆ ಹಿಮ್ಮುಖವಾಗಿ, ಎಲ್ಲರಿಗೂ ನಮಸ್ಕಾರ ಮಾಡುತ್ತ ಸಾಗುತ್ತಿದ್ದರು. ತರಕಾರಿಯವರಿಗೆ ಅದೇ ಸೂಚನೆ. ಬ್ಯಾಂಡಿನವರು ಹಿಂದಕ್ಕೆ ಹೋದರು, ಅಂಬುಜಮ್ಮ ಬರ್ತಾರೆ ಎಂದು ಎಳೇ ಬೀನ್ಸನ್ನು ಮೇಲಕ್ಕೆ ತೆಗೆದಿಡುತ್ತಿದ್ದರು. ಒಂದು ಮದುವೆಯಲ್ಲಂತೂ ಅವರು ಕ್ಲಾರಿನೆಟ್ ನುಡಿಸುತ್ತಿರುವಾಗ ಅಕ್ಕ ಮುಂಬಾಗಿಲಿನಿಂದ ಬಂದಳು. ಅವರು ರಾಗ ಬಿಡದೆ ಊಟದ ಪಂಕ್ತಿಯ ಮಧ್ಯೆ ಹಾದು ಕೈ ತೊಳೆಯುವ ಜಾಗಕ್ಕೆ ಹೋಗಿ ಮುಗಿಸಿದರು. ಬಹಳ ಚೆನ್ನಾಗಿತ್ತು ಎಂದು ಬೀಗರು ಹೊಗಳಿದರು.

ನನ್ನ ಪಾಡು ಕೇಳಬೇಡಿ. ಮಾತು ಮುಟ್ಟಿಸುವವನು ನಾನು, ಸಾರು ಮುಟ್ಟಿಸುವವನು ನಾನು. ಚೌಕಾಬಾರದ ಮಣೆಯನ್ನು ಬೀದಿ ಮಧ್ಯೆ ಇಟ್ಟುಕೊಂಡು, ಅಕ್ಕನ ಕವಡೆ ಎಷ್ಟು ಬಿತ್ತೆಂದು ಜಗುಲಿಗೆ ಓಡಿ ನೋಡಿ, ಅವರದ್ದು ಎಷ್ಟೆಂದು ಶಾಪಿಗೆ ಓಡಿ ನೋಡಿ, ಇಬ್ಬರ ಕಾಯಿಗಳನ್ನೂ ನಾನೇ ನಡೆಸಬೇಕು. ಕಾಯಿ ಕಡಿದಾಗ ಇಬ್ಬರೂ ಬೈಯುತ್ತಿದ್ದದ್ದು ನನ್ನನ್ನು. ಮಂಡಿ ಊದಿಕೊಂಡವು. ಎಂಟು ಗಂಟೆಯ ರೊಟ್ಟಿ ಏನೋ ಎಂಟಕ್ಕೇ ಬರುತ್ತಿತ್ತು, ಆದರೆ ತಟ್ಟೆಯ ಮುಂದೆ ಕೂರುವ ಮೊದಲು ಅವರ ಪಾಲನ್ನು ನೂರು ಅಡಿ ಹೊತ್ತು ಕೊಟ್ಟು ಬರಬೇಕು. ವಾಪಸು ಬಂದಾಗ ನನ್ನದು ಆರಿರುತ್ತಿತ್ತು. ಹಾಳಾದ್ದು, ಯಾವುದಕ್ಕಾಗಿ ಅಡಿಟಿಪ್ಪಣಿ ನುಂಗಿದೆನೋ ಅದೇ ಸಿಗದೆ ಹೋಯಿತು.

ಅಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲ ಎಂದು ಕಾಣುತ್ತದೆ. ಮನುಷ್ಯ ಎಷ್ಟು ದಿನ ಬೇಕಾದರೂ ಆರಿದ ರೊಟ್ಟಿ ತಿಂದಾನು. ಆದರೆ ನಲವತ್ತನೆಯದೋ ನಲವತ್ತೊಂದನೆಯದೋ ದಿನ ನನ್ನ ಕಣ್ಣಿಗೆ ಬೇರೆ ಒಂದು ಬಿತ್ತು. ಅಕ್ಕ ಓಡಾಡುವುದನ್ನೇ ಬಿಟ್ಟಿದ್ದಳು. ಸಂತೆಗೆ ಹೋಗುವುದಿಲ್ಲ, ಮದುವೆಗೆ ಹೋಗುವುದಿಲ್ಲ. ಬೆಳಿಗ್ಗೆ ಅವರು ಶಾಪು ಬಿಟ್ಟು ಕೆರೆಗೆ ಸ್ನಾನಕ್ಕೆ ಹೋದ ಹೊತ್ತಿನಲ್ಲೇ ಇಡೀ ದಿನದ ಅಡುಗೆ ಮುಗಿಸಿಬಿಡುತ್ತಿದ್ದಳು, ಆಮೇಲೆ ಬಂದು ಮೆಷಿನ್ನಿನ ಮುಂದೆ ಕೂತರೆ ಎದ್ದರೆ ಕೇಳಿ. ಆ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಅವಳು ಬೆವರು ಒರೆಸಿಕೊಳ್ಳುತ್ತ, ಮಾಧು, ಒಂದು ಲೋಟ ನೀರು ತಂದುಕೊಡೋ ಅಂದಳು. ನಾನು ಆಗಷ್ಟೇ ಕಾಲು ಚಾಚಿದ್ದೆ. ನಾಲ್ಕು ಹೆಜ್ಜೆಗೆ ನೀರಿದೆ, ನೀನೇ ತಗೋಬಾರದಾ ಎಂದು ಗೊಣಗಿದೆ.

"ಈಗ ಅವರು ಊಟಕ್ಕೆ ಕೂತಿರ್ತಾರೆ ಕಣೋ," ಅಂದಳು. "ನಾನೆದ್ದು ಅಡುಗೆಮನೆಗೆ ಹೋದ್ರೆ ತಟ್ಟೆ ಬಿಟ್ಟು ಮೋರಿ ಕಡೆ ಹೋಗಬೇಕಾಗುತ್ತೆ. ಉಣ್ಣಲಿ. ನನಗೇನು, ಆಮೇಲೆ ಕುಡೀತೀನಿ."

ನಾನು ನೀರು ತಂದುಕೊಟ್ಟೆ. ಅವಳು ಗಟಗಟ ಕುಡಿದಳು. ಬಹಳ ಹೊತ್ತಿನಿಂದ ಬಾಯಾರಿತ್ತು ಎಂದು ಗೊತ್ತಾಯಿತು. ಎಷ್ಟು ದಿನದಿಂದಲೋ ಈ ಹೆಂಗಸು, ಒಬ್ಬರು ನೆಮ್ಮದಿಯಾಗಿ ಒಂದು ತುತ್ತು ತಿನ್ನಲಿ ಎಂದು ಕೂತಲ್ಲಿಂದ ಅಲ್ಲಾಡದೆ ಕೂತಿದ್ದಾಳೆ. ನಾನು, ರೊಟ್ಟಿ ಆರಿತೆಂದು ಮುಖ ಊದಿಸಿಕೊಂಡಿದ್ದೇನೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಿಂತಲ್ಲೇ ಹೇಳಿಬಿಟ್ಟೆ, ಅಕ್ಕಾ, ತೀರ್ಪಿನಲ್ಲಿ ಹದಿನಾಲ್ಕನೇ ಅಡಿಟಿಪ್ಪಣಿ ಅಂತ ಒಂದಿದೆ, ನಾನು ಓದಲಿಲ್ಲ, ಬೇಕೆಂದೇ ಓದಲಿಲ್ಲ.

ಅವಳು ತಲೆ ಎತ್ತಲಿಲ್ಲ. ಮೆಷಿನ್ನಿನ ಡ್ರಾಯರ್ ಎಳೆದು ಒಂದು ಕಾಗದದ ಕಟ್ಟನ್ನು ಬಟ್ಟೆಯ ಮೇಲಿಟ್ಟಳು. ಅರವತ್ತೊಂದು ಪುಟ. ಅರವತ್ತನೆಯ ಪುಟದ ಬುಡದಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಿತ್ತು. ಹದಿನೆಂಟು ವರ್ಷದಿಂದ ತೀರ್ಪು ಓದುತ್ತಿರುವ ನನಗೆ, ವಾದಿಗೂ ಪ್ರತಿವಾದಿಗೂ ಒಂದೊಂದು ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತದೆ ಎಂಬುದು ಹೇಗೆ ಮರೆತುಹೋಗಿತ್ತೋ ದೇವರಿಗೇ ಗೊತ್ತು. ಅಂದರೆ ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅವರಿಗೆ ಗೊತ್ತಿದ್ದರೆ ದಸ್ತಗೀರ್ ಸಾಬರಿಗೆ ಗೊತ್ತಿತ್ತು, ಸಾಬರಿಗೆ ಗೊತ್ತಿದ್ದರೆ ಸೈಕಲ್ ಇರುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ಒಂದೂವರೆ ತಿಂಗಳಿಂದ ಕ್ಷೌರದ ಅಂಗಡಿಯಲ್ಲಿ ನನ್ನನ್ನು ಸರದಿಯಲ್ಲಿ ಕೂರಿಸುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು.

ಮತ್ತೆ ನೀನ್ಯಾಕೆ ನನ್ನನ್ನು ಕೇಳಲಿಲ್ಲ ಅಂದೆ.

"ಕೇಳಿದ್ರೆ ನೀನು ಓದಿರ್ತಿದ್ದೆ," ಅಂದಳು. "ನೀನು ಕೆಟ್ಟವನಲ್ಲ ಮಾಧು. ಚಿಕ್ಕಂದಿನಿಂದ ನಿನಗೆ ಬೇಕಾದ್ದನ್ನೆಲ್ಲ ನೀನು ಕೇಳೋಕೆ ಮುಂಚೆ ಕೊಟ್ಟಿದೀನಿ. ನನಗೂ ಒಂದ್ಸಲ, ಕೇಳದೆ ಯಾರಾದರೂ ಕೊಡ್ತಾರಾ ಅಂತ ಕಾಯ್ತಾ ಇದ್ದೆ."

ನಾನು ಅವಳ ಕಾಲ ಬಳಿ, ಬಟ್ಟೆ ಚೂರುಗಳ ಮೇಲೆ ಕೂತು ಅತ್ತೆ. ಐವತ್ತು ಹತ್ತಿರವಾದ ಗಂಡಸು ಹೀಗೆ ಅತ್ತರೆ ಚೆನ್ನಾಗಿರುವುದಿಲ್ಲ. ಹೊಸ ಬಟ್ಟೆ ಒದ್ದೆಯಾಗುತ್ತೆ, ಆ ಕಡೆ ಕೂತು ಅಳು ಎಂದು ಅಕ್ಕ ಕಾಲಿನಿಂದ ನನ್ನನ್ನು ಸರಿಸಿದಳು.

ಮರುದಿನ ಗುರುವಾರವಲ್ಲ, ಆದರೂ ಕಟ್ಟೆ ಹತ್ತಿದೆ. ಸುದ್ದಿ ಹೇಗೆ ಹಬ್ಬಿತೋ, ಊರಿಗೆ ಊರೇ ಬಂದಿತ್ತು. ಪೋಸ್ಟ್‌ಮಾಸ್ಟರು ಅಡ್ಡ ಬಂದರು. ಅಡಿಟಿಪ್ಪಣಿ ಓದುವುದಾದರೆ ಮೊದಲು ಕಚೇರಿಗೆ ಬೀಗ ಹಾಕುತ್ತೇನೆ, ಇನ್ನೊಂದು ಕುರಿಗೂ ಒಳಗೆ ಜಾಗವಿಲ್ಲ ಎಂದರು. ಹಾಕಿಕೊಳ್ಳಿ ಎಂದು ಕಾದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಹದಿನಾಲ್ಕನೇ ಅಡಿಟಿಪ್ಪಣಿಯನ್ನು, ಜೀವಮಾನದಲ್ಲಿ ಯಾವುದನ್ನೂ ಓದಿರದಷ್ಟು ಸ್ಪಷ್ಟವಾಗಿ ಓದಿದೆ. ಅಕ್ಕ ಕಟ್ಟೆಯ ಕೆಳಗೆ ನಿಂತಿದ್ದಳು. ಚೆಲುವರಾಜು ರೇಷನ್ ಅಂಗಡಿಯ ಮುಂದೆ, ಎದುರುಗಾಳಿಗೆ ಮೈ ಕೊಟ್ಟವರಂತೆ ಪೂರ್ತಿ ಮುಂದಕ್ಕೆ ಬಾಗಿ ನಿಂತಿದ್ದರು. ಆ ನೂರು ಅಡಿ ಅವರನ್ನು ಬೀಳದಂತೆ ತಡೆದಿತ್ತು.

ಅಕ್ಕ ಸೆರಗು ಸರಿಮಾಡಿಕೊಂಡಳು. ಊರಿನ ಪ್ರತಿಯೊಬ್ಬ ಹೆಂಗಸಿನ ಅಳತೆಯನ್ನೂ ಬಲ್ಲವಳು, ಯಾರಿಗೂ ಹೆದರಿದವಳಲ್ಲ, ಆದರೆ ಬಾಯಿ ತೆರೆದರೆ ಸ್ವರವೇ ಬರಲಿಲ್ಲ. ತುಟಿ ಅಲ್ಲಾಡಿತು ಅಷ್ಟೇ. ಏನೂ ಆಗಲಿಲ್ಲ. ಎರಡನೆಯ ಸಲ ಮುಂದಿನ ಸಾಲಿನವರಿಗೆ ಕೇಳಿತು, ಆಗಲೂ ಇಲ್ಲ. ಸಾರ್ವಜನಿಕವಾಗಿ ಅಂತ ಇದೆ ಅಂಬುಜಮ್ಮ, ಇನ್ನೂ ಸ್ವಲ್ಪ ಜೋರಾಗಿ ಎಂದು ದಸ್ತಗೀರ್ ಸಾಬರು ಬಹಳ ವಿನಯದಿಂದ ಹೇಳಿದರು. ಅಕ್ಕನಿಗೆ ರೇಗಿಹೋಯಿತು.

"ಅವರು ನನ್ನ ಹತ್ರ ಇರೋದಕ್ಕೆ ನನಗೇನೂ ಆಕ್ಷೇಪಣೆ ಇಲ್ಲ," ಎಂದು ಊರು ಗದಗುಟ್ಟುವ ಹಾಗೆ ಕೂಗಿದಳು. "ಇಪ್ಪತ್ತು ವರ್ಷದಿಂದ ಇಲ್ಲ. ಕೇಳಿಸ್ತಾ ಎಲ್ಲಾರಿಗೂ? ಸಾಕಾ?"

ತಡೆದಿದ್ದದ್ದು ತಟಕ್ಕನೆ ಬಿಟ್ಟಿತು. ಚೆಲುವರಾಜು ಬಾಗಿದ್ದ ಹಾಗೇ ಮುಗ್ಗರಿಸಿ ಬಿದ್ದರು. ಇಬ್ಬರು ಎತ್ತಿ ನಿಲ್ಲಿಸಿದರು, ಒಂದು ಹಲ್ಲು ಅಲ್ಲಾಡುತ್ತಿತ್ತು. ಅವರು ಅಂಗಿಯ ಮಣ್ಣು ಕೊಡವಿಕೊಂಡು, ಅವಸರ ಮಾಡದೆ, ಒಂದೊಂದೇ ಹೆಜ್ಜೆ ಇಟ್ಟು ನೋಡುತ್ತ ಬಂದರು. ಅಕ್ಕನ ಎದುರು ನಿಂತು, ಈ ಕೇಸನ್ನು ಎಂದೋ ವಾಪಸು ತಗೋಬಹುದಿತ್ತಲ್ಲ ಅಂಬುಜಮ್ಮನವರೇ ಎಂದರು. ತಗೊಂಡಿದ್ದರೆ ನೀವು ಬಸ್ಸಿಗೆ ಬರ್ತಿದ್ದಿರಾ ಎಂದು ಅಕ್ಕ ಕೇಳಿದಳು.

ಮುಂದಿನ ಸೋಮವಾರ ಮದುವೆಯಾಯಿತು. ಅಕ್ಕ ತನ್ನ ಮೆಷಿನ್ನನ್ನು ಪಕ್ಕದ ಮನೆಗೆ ಸಾಗಿಸಿದಳು. ಒಂದು ಕಡೆ ಹಿಡಿದುಕೊಂಡವನು ನಾನು. ಮರುದಿನ ಎಂಟು ಗಂಟೆಗೆ ನಾನೇ ರೊಟ್ಟಿ ತಟ್ಟಿದೆ. ಅದನ್ನು ಏನೆಂದು ಕರೆಯಬೇಕೋ ತಿಳಿಯದೆ ಕುರಿಗಳಿಗೆ ಹಾಕಿ ಬಂದೆ. ಮಧ್ಯಾಹ್ನ ಒಂದೂವರೆಗೆ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಹೋಗಲಿಲ್ಲ. ನಲವತ್ತು ದಿನ ಅವರನ್ನು ದೂರ ಇಟ್ಟವನು ಯಾವ ಮುಖ ಹೊತ್ತು ಹೋಗಲಿ? ಬಾಗಿಲು ಮುಂದೆ ಮಾಡಿ, ಹಸಿದು, ಗೋಡೆಗೆ ಒರಗಿ ಕೂತಿದ್ದೆ.

ಬಾಗಿಲನ್ನು ತಳ್ಳಿಕೊಂಡು ಅಕ್ಕ ಬಂದಳು. ಕೈಯಲ್ಲಿ ಸೌಟು ಇತ್ತು. ನನ್ನನ್ನೂ, ಒಲೆಯ ಮೇಲೆ ಸೀದು ಕರಕಲಾಗಿದ್ದ ಹೆಂಚನ್ನೂ ನೋಡಿದಳು.

"ಊಟಕ್ಕೆ ಬರೋದಕ್ಕೆ ನಿನಗೂ ಒಂದು ತೀರ್ಪು ಬರಬೇಕೇನೋ?" ಅಂದಳು. "ಏಳು. ಅವರು ಆಗಲಿಂದ ತಟ್ಟೆ ಮುಂದೆ ಕೂತಿದ್ದಾರೆ. ಮಾಧು ಬಾರದೆ ತುತ್ತು ಎತ್ತಲ್ಲವಂತೆ."

ಚಪ್ಪಲಿ ಹುಡುಕುತ್ತ ಕೂರಲಿಲ್ಲ, ಬರಿಗಾಲಲ್ಲೇ ಹೋದೆ.